ಹಿಕ್ಕೆಯಲ್ಲಿ ಅಡಗಿದ ಹುಲಿಯ ಜಾತಕ: ವನ್ಯಜೀವಿ ಸಂರಕ್ಷಣೆಗೆ ಡಿಎನ್‌ಎ ನೆರವು

ದೇಶದಲ್ಲಿ ಹುಲಿಗಳ ಸಂಖ್ಯೆ ಏರುತ್ತಿದೆ. 2006ರ ಅಂದಾಜಿನಲ್ಲಿ 1,411ರಷ್ಟಿದ್ದ ಹುಲಿಗಳು 2022ರ ಅಂದಾಜಿನ ವೇಳೆಗೆ 3,682ಕ್ಕೆ ತಲುಪಿದವು. 785 ಹುಲಿಗಳಿರುವ ಮಧ್ಯಪ್ರದೇಶ ಮೊದಲ ಸ್ಥಾನದಲ್ಲಿದ್ದರೆ, 563 ಹುಲಿಗಳಿರುವ ಕರ್ನಾಟಕಕ್ಕೆ ಎರಡನೆಯ ಸ್ಥಾನ. ಈ ಅಂಕಿಗಳು ಸಂತಸ ತರುವಂಥವೇ. ಆದರೆ ಒಂದು ಕಾಡಿನಲ್ಲಿ ಎಷ್ಟು ಹುಲಿಗಳಿವೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಆ ಹುಲಿಗಳು ಪರಸ್ಪರ ಎಷ್ಟು ಹತ್ತಿರದ ಬಂಧುಗಳು, ಹೊರಗಿನ ಕಾಡಿನಿಂದ ಹೊಸ ರಕ್ತ ಬಂದು ಸೇರುತ್ತಿದೆಯೇ, ನೂರು ವರ್ಷಗಳ ಬಳಿಕವೂ ಅಲ್ಲಿ ಆರೋಗ್ಯವಂತ ಮರಿಗಳು ಹುಟ್ಟಬಲ್ಲವೇ ಎಂಬ ಪ್ರಶ್ನೆಗಳಿಗೆ ಗಣತಿಯ ಪಟ್ಟಿಯಲ್ಲಿ ಉತ್ತರವಿಲ್ಲ.

ಆ ಉತ್ತರ ಇರುವುದು ಪ್ರಾಣಿಗಳ ವಂಶವಾಹಿಗಳಲ್ಲಿ. ಕಳೆದ ಎರಡು ದಶಕಗಳಲ್ಲಿ ಭಾರತದ ಪ್ರಯೋಗಾಲಯಗಳು ಈ ನಿಟ್ಟಿನಲ್ಲಿ ಗಮನಾರ್ಹ ಕೆಲಸ ಮಾಡಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಅಂಗವಾದ ಲ್ಯಾಕೋನ್ಸ್ ಪ್ರಯೋಗಾಲಯ ಹಾಗೂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇವುಗಳಲ್ಲಿ ಪ್ರಮುಖವಾದವು. ಈ ಸಂಶೋಧನೆಯ ವಿಧಾನ, ಫಲಿತಾಂಶ ಮತ್ತು ಮಿತಿಗಳ ವಿವರ ಇಲ್ಲಿದೆ.

ಹೆಜ್ಜೆಗುರುತಿನಿಂದ ಕ್ಯಾಮೆರಾವರೆಗೆ

ಭಾರತದಲ್ಲಿ ಹಲವು ದಶಕಗಳ ಕಾಲ ಹುಲಿಗಳನ್ನು ಹೆಜ್ಜೆಗುರುತಿನ ಆಧಾರದ ಮೇಲೆ ಎಣಿಸಲಾಗುತ್ತಿತ್ತು. ಅರಣ್ಯ ಸಿಬ್ಬಂದಿ ಗಾಜಿನ ಹಲಗೆಯ ಮೇಲೆ ಹೆಜ್ಜೆಯ ಆಕಾರವನ್ನು ಗುರುತಿಸಿಕೊಂಡು, ಪ್ರತಿಯೊಂದೂ ಯಾವ ಹುಲಿಯದೆಂದು ನಿರ್ಧರಿಸುತ್ತಿದ್ದರು. ಮಣ್ಣಿನ ಹದ, ಇಳಿಜಾರು, ಪ್ರಾಣಿಯ ನಡೆಯ ವೇಗ ಇವುಗಳಿಗೆ ತಕ್ಕಂತೆ ಒಂದೇ ಹುಲಿಯ ಹೆಜ್ಜೆ ಬೇರೆ ಬೇರೆಯಾಗಿ ಕಾಣುವುದರಿಂದ ಈ ವಿಧಾನ ವಿಶ್ವಾಸಾರ್ಹವಲ್ಲ ಎಂದು ವಿಜ್ಞಾನಿಗಳು ಆಕ್ಷೇಪಿಸುತ್ತಲೇ ಬಂದಿದ್ದರು. ರಾಜಸ್ಥಾನದ ಸರಿಸ್ಕಾ ಅಭಯಾರಣ್ಯದಲ್ಲಿ ಕಾಗದದ ಮೇಲೆ ಹುಲಿಗಳಿದ್ದರೂ ಕಾಡಿನಲ್ಲಿ ಒಂದೂ ಉಳಿದಿಲ್ಲ ಎಂಬ ಸಂಗತಿ 2005ರಲ್ಲಿ ಬಯಲಾದಾಗ ಆ ಆಕ್ಷೇಪಕ್ಕೆ ಬಲ ಬಂತು. ನಂತರದ ರಾಷ್ಟ್ರೀಯ ಅಂದಾಜುಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ವಿಧಾನ ಪ್ರಧಾನವಾಯಿತು. ಮನುಷ್ಯರ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಗಳ ವಿನ್ಯಾಸವೂ ಭಿನ್ನವಾಗಿರುವುದರಿಂದ ಛಾಯಾಚಿತ್ರದಿಂದಲೇ ಒಂದೊಂದು ಹುಲಿಯನ್ನೂ ಗುರುತಿಸಬಹುದು.

ಆದರೆ ಕ್ಯಾಮೆರಾಕ್ಕೂ ಕೆಲವು ಇತಿಮಿತಿಗಳಿವೆ. ಆನೆಗೆ ಪಟ್ಟೆಗಳಿಲ್ಲ. ಸೀಳುನಾಯಿಗಳನ್ನು ಚಿತ್ರದಲ್ಲಿ ಒಂದರಿಂದ ಒಂದನ್ನು ಬೇರ್ಪಡಿಸುವುದು ಸುಲಭವಲ್ಲ. ಹುಲಿಗಳು ತೀರಾ ವಿರಳವಾಗಿರುವ ಕಾಡುಗಳಲ್ಲಿ ಕ್ಯಾಮೆರಾಗಳು ತಿಂಗಳುಗಟ್ಟಲೆ ಕಾದರೂ ಚಿತ್ರ ಸಿಗದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಹುಲಿಯ ತಂದೆ ಯಾರು, ಅದರ ಮೂಲ ಕಾಡು ಯಾವುದು ಎಂಬುದನ್ನು ಚಿತ್ರ ಹೇಳಲಾರದು. ಡಿಎನ್‌ಎ ಪರೀಕ್ಷೆಯ ಅಗತ್ಯ ಉಂಟಾಗುವುದು ಇಲ್ಲಿಯೇ.

ಹಿಕ್ಕೆಯಿಂದ ಗುರುತು ಪತ್ತೆ ಹೇಗೆ?

ಪ್ರಾಣಿಯನ್ನು ಹಿಡಿಯದೆ, ಅರಿವಳಿಕೆ ನೀಡದೆ, ಮುಟ್ಟದೆಯೇ ಅದರ ವಂಶವಾಹಿಯ ಮಾಹಿತಿಯನ್ನು ಪಡೆಯಲು ಸಾಧ್ಯವಿರುವುದು ಈ ವಿಧಾನದ ದೊಡ್ಡ ಅನುಕೂಲ. ಆಹಾರ ಜೀರ್ಣವಾಗಿ ಹೊರಬರುವಾಗ ಕರುಳಿನ ಒಳಗೋಡೆಯ ಜೀವಕೋಶಗಳು ಸವೆದು ಹಿಕ್ಕೆಯ ಹೊರಮೈಗೆ ಅಂಟಿಕೊಳ್ಳುತ್ತವೆ. ಸಂಶೋಧಕರು ಕಾಡಿನ ಹಾದಿಗಳಲ್ಲಿ ನಡೆದು ಹಿಕ್ಕೆಯನ್ನು ಸಂಗ್ರಹಿಸಿ, ಸ್ಥಳ ಮತ್ತು ದಿನಾಂಕವನ್ನು ದಾಖಲಿಸಿ, ಮದ್ಯಸಾರದಲ್ಲಿಟ್ಟು ಪ್ರಯೋಗಾಲಯಕ್ಕೆ ತರುತ್ತಾರೆ. ಕೂದಲು, ಉದುರಿದ ಗರಿ, ಬೇಟೆಯ ಮೈಮೇಲೆ ಉಳಿದ ಜೊಲ್ಲು ಕೂಡ ಇದೇ ರೀತಿ ಉಪಯೋಗಕ್ಕೆ ಬರುತ್ತವೆ.

ಮೊದಲ ಹಂತದಲ್ಲಿ ಹಿಕ್ಕೆ ಹುಲಿಯದೋ ಚಿರತೆಯದೋ ಎಂಬುದು ನಿರ್ಧಾರವಾಗಬೇಕು. ಇದಕ್ಕೆ ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಡಿಎನ್‌ಎ ನೆರವಾಗುತ್ತದೆ. ಒಂದೇ ಕೋಶದಲ್ಲಿ ಅದರ ಪ್ರತಿಗಳು ಹೇರಳವಾಗಿರುವುದರಿಂದ ಹಳೆಯ ಮಾದರಿಯಲ್ಲೂ ಅದು ಸಿಗುವ ಸಂಭವ ಹೆಚ್ಚು. ಎರಡನೆಯ ಹಂತದಲ್ಲಿ ಅದು ಯಾವ ಹುಲಿ ಎಂಬುದನ್ನು ಪತ್ತೆ ಮಾಡಬೇಕು. ಡಿಎನ್‌ಎಯ ಕೆಲವು ಭಾಗಗಳಲ್ಲಿ ಚಿಕ್ಕ ಅಕ್ಷರಗುಚ್ಛವೊಂದು ಮತ್ತೆ ಮತ್ತೆ ಬರುತ್ತದೆ. ಇದನ್ನು ಮೈಕ್ರೊಸ್ಯಾಟಲೈಟ್ ಎನ್ನುತ್ತಾರೆ. ಎಷ್ಟು ಸಲ ಬರುತ್ತದೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ಇಂಥ ಹಲವು ಜಾಗಗಳನ್ನು ಪಿಸಿಆರ್ ವಿಧಾನದಿಂದ ವೃದ್ಧಿಸಿ ಓದಿದರೆ ಆ ಪ್ರಾಣಿಯ ಗುರುತಿನ ಸಂಖ್ಯೆಯೇ ಸಿಕ್ಕಂತೆ. ಇತ್ತೀಚಿನ ವರ್ಷಗಳಲ್ಲಿ ಡಿಎನ್‌ಎಯ ಒಂದೊಂದೇ ಅಕ್ಷರದಲ್ಲಿ ಕಂಡುಬರುವ ವ್ಯತ್ಯಾಸಗಳನ್ನು ಓದುವ ವಿಧಾನವೂ ಬಳಕೆಗೆ ಬಂದಿದೆ.

ಬಂಡೀಪುರದಲ್ಲಿ ನಡೆದ ಪರೀಕ್ಷೆ

ಹಿಕ್ಕೆಯ ಲೆಕ್ಕವನ್ನು ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಕರ್ನಾಟಕದ ಕಾಡಿನಲ್ಲಿ. ಸಮ್ರಾಟ್ ಮಂಡಲ್, ಉಲ್ಲಾಸ ಕಾರಂತ, ಉಮಾ ರಾಮಕೃಷ್ಣನ್ ಮತ್ತಿತರರ ತಂಡ ಬಂಡೀಪುರದಲ್ಲಿ ಕ್ಯಾಮೆರಾ ಮತ್ತು ಹಿಕ್ಕೆ ಎರಡೂ ವಿಧಾನಗಳನ್ನು ಪರೀಕ್ಷೆಗೆ ಒಡ್ಡಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಹಿಕ್ಕೆಗಳಿಂದ 26 ಹುಲಿಗಳನ್ನು ಪ್ರತ್ಯೇಕವಾಗಿ ಗುರುತಿಸಲಾಯಿತು. ಇದರ ಆಧಾರದಲ್ಲಿ ಲೆಕ್ಕ ಹಾಕಿದಾಗ ಅಲ್ಲಿನ ಹುಲಿಗಳ ಸಂಖ್ಯೆ ಸುಮಾರು 66 ಎಂದು ಬಂತು. ಕ್ಯಾಮೆರಾ ವಿಧಾನದ ಅಂದಾಜು ಕೂಡ ಅಷ್ಟೇ ಇತ್ತು.

26 ಹುಲಿಗಳ ಗುರುತಿನಿಂದ 66 ಎಂಬ ಅಂದಾಜು ಬರುವುದು ಹೇಗೆ? ಕೆರೆಯ ಮೀನಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಕೆರೆಯಲ್ಲಿ 50 ಮೀನು ಹಿಡಿದು, ಗುರುತು ಹಾಕಿ ಬಿಟ್ಟುಬಿಡಿ. ಮರುದಿನ ಮತ್ತೆ 50 ಮೀನು ಹಿಡಿದಾಗ ಅವುಗಳಲ್ಲಿ 10ಕ್ಕೆ ಗುರುತಿದ್ದರೆ, ಗುರುತಿನ ಮೀನುಗಳು ಒಟ್ಟು ಮೀನುಗಳ ಐದನೆಯ ಒಂದು ಭಾಗ ಎಂದಾಯಿತು. ಅಂದರೆ ಕೆರೆಯಲ್ಲಿ ಸುಮಾರು 250 ಮೀನುಗಳಿವೆ. ಅದೇ ಹುಲಿಯ ಹಿಕ್ಕೆ ಎಷ್ಟು ಸಲ ಮರಳಿ ಸಿಗುತ್ತದೆ ಎಂಬುದರ ಮೇಲೆ, ಕಣ್ಣಿಗೆ ಬೀಳದ ಹುಲಿಗಳೆಷ್ಟು ಎಂದು ಲೆಕ್ಕ ಹಾಕುವ ತರ್ಕವೂ ಇದೇ. ವಾಸ್ತವದ ಗಣಿತ ಇದಕ್ಕಿಂತ ಜಟಿಲವಾದುದು.

ಆನೆಗಳ ಗಣತಿಗೆ ಲದ್ದಿ

ಇದೇ ತರ್ಕವನ್ನು ದೇಶದ ಮಟ್ಟದಲ್ಲಿ ಆನೆಗಳಿಗೂ ಅನ್ವಯಿಸಲಾಗಿದೆ. ಭಾರತೀಯ ವನ್ಯಜೀವಿ ಸಂಸ್ಥೆಯ ನೇತೃತ್ವದಲ್ಲಿ 2021ರಿಂದ 2025ರ ಅವಧಿಯಲ್ಲಿ ನಡೆದ, ಡಿಎನ್‌ಎ ಆಧಾರಿತ ಮೊದಲ ಆನೆ ಅಂದಾಜಿನ ವರದಿ 2025ರ ಅಕ್ಟೋಬರ್‌ನಲ್ಲಿ ಹೊರಬಂತು. 21 ಸಾವಿರಕ್ಕೂ ಹೆಚ್ಚು ಲದ್ದಿಯ ಮಾದರಿಗಳನ್ನು ಪರೀಕ್ಷಿಸಿ, 4 ಸಾವಿರಕ್ಕೂ ಹೆಚ್ಚು ಆನೆಗಳನ್ನು ಪ್ರತ್ಯೇಕವಾಗಿ ಗುರುತಿಸಿ, ದೇಶದಲ್ಲಿ 22,446 ಆನೆಗಳಿವೆ ಎಂದು ಅಂದಾಜು ಮಾಡಲಾಯಿತು. 6,013 ಆನೆಗಳೊಂದಿಗೆ ಕರ್ನಾಟಕ ಮೊದಲ ಸ್ಥಾನದಲ್ಲಿದೆ. 2017ರ ಗಣತಿಯಲ್ಲಿ ದೇಶದ ಆನೆಗಳ ಸಂಖ್ಯೆ 27,312 ಎಂದಿತ್ತು. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಆನೆಗಳು ಕಡಿಮೆಯಾದವು ಎಂದು ತೀರ್ಮಾನಿಸುವಂತಿಲ್ಲ. ವಿಧಾನವೇ ಬದಲಾಗಿರುವುದರಿಂದ ಹೊಸ ಅಂಕಿಯನ್ನು ಮುಂದಿನ ಗಣತಿಗಳ ಮೊದಲ ಮೆಟ್ಟಿಲಾಗಿ ಪರಿಗಣಿಸಬೇಕಾಗುತ್ತದೆ.

ಸಂಖ್ಯೆಯ ಜೊತೆಗೆ ಆನೆಗಳ ಹಂಚಿಕೆಯ ಬಗೆಗೂ ಡಿಎನ್‌ಎ ಬೆಳಕು ಚೆಲ್ಲಿದೆ. ಪಶ್ಚಿಮಘಟ್ಟದ ಆನೆಗಳು ಒಂದೇ ಸಮೂಹವಲ್ಲ, ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು, ಪಾಲಕ್ಕಾಡ್ ಮತ್ತು ಶೆಂಕೋಟೈ ಕಣಿವೆಗಳ ನಡುವೆ ಇನ್ನೊಂದು, ಶೆಂಕೋಟೈಯ ದಕ್ಷಿಣಕ್ಕೆ ಮತ್ತೊಂದು ಎಂಬುದನ್ನು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕರ್ನಾಟಕದ ಆನೆಗಳು ಉತ್ತರದ ದೊಡ್ಡ ಸಮೂಹಕ್ಕೆ ಸೇರುತ್ತವೆ. ದಕ್ಷಿಣದ ತುದಿಯ ಸಮೂಹ ಬಹಳ ಚಿಕ್ಕದು. ಎಲ್ಲವನ್ನೂ ದಕ್ಷಿಣ ಭಾರತದ ಆನೆಗಳು ಎಂದು ಒಂದೇ ಲೆಕ್ಕಕ್ಕೆ ಸೇರಿಸಿದರೆ ಆ ಚಿಕ್ಕ ಸಮೂಹದ ಸಂಕಷ್ಟ ಗಮನಕ್ಕೇ ಬಾರದೆ ಹೋಗುತ್ತದೆ.

ಕಳ್ಳಬೇಟೆಯ ಜಾಡು

ನ್ಯಾಯಾಲಯದ ಕಟಕಟೆಯಲ್ಲೂ ಈ ವಿಜ್ಞಾನಕ್ಕೆ ಪಾತ್ರವಿದೆ. ವಶಪಡಿಸಿಕೊಂಡ ಮಾಂಸದ ತುಂಡು, ಚರ್ಮ ಅಥವಾ ಮೂಳೆಯ ಪುಡಿ ಯಾವ ಪ್ರಾಣಿಯದೆಂದು ಸಾಬೀತಾಗದೆ ಆರೋಪಿಗಳು ಪಾರಾಗುವುದನ್ನು ತಡೆಯಲು ಹೈದರಾಬಾದ್ ಮತ್ತು ಡೆಹ್ರಾಡೂನಿನ ಪ್ರಯೋಗಾಲಯಗಳ ವರದಿಗಳು ನೆರವಾಗುತ್ತಿವೆ. ಆಫ್ರಿಕಾದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ವಾಸರ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಖಂಡದ ಉದ್ದಗಲದಿಂದ ಲದ್ದಿಯನ್ನು ಸಂಗ್ರಹಿಸಿ ಆನೆಗಳ ವಂಶವಾಹಿಯ ನಕಾಶೆಯನ್ನು ರಚಿಸಿತು. ಬಂದರುಗಳಲ್ಲಿ ಸಿಕ್ಕಿಬಿದ್ದ ದಂತಗಳ ಡಿಎನ್‌ಎಯನ್ನು ಆ ನಕಾಶೆಯೊಂದಿಗೆ ತಾಳೆ ನೋಡಿದಾಗ, ದೊಡ್ಡ ಪ್ರಮಾಣದ ದಂತ ಸಾಗಣೆಯ ಬಹುಪಾಲು ಕೆಲವೇ ಪ್ರದೇಶಗಳಿಂದ ಬರುತ್ತಿದೆ ಎಂಬುದು 2015ರಲ್ಲಿ ಸ್ಪಷ್ಟವಾಯಿತು. ಟಾಂಜಾನಿಯಾ ಅವುಗಳಲ್ಲಿ ಪ್ರಮುಖವಾಗಿತ್ತು.

ಹಳೆಯ ಚರ್ಮಗಳು ಹೇಳಿದ ಕಥೆ

ಇಷ್ಟು ಎಣಿಕೆ ಮತ್ತು ತನಿಖೆಯ ಮಾತಾಯಿತು. ಈ ಸಂಶೋಧನೆಯ ನಿಜವಾದ ಮಹತ್ವ ಬೇರೆಡೆ ಇದೆ. ಒಂದು ಪ್ರಾಣಿಸಮೂಹದಲ್ಲಿ ವಂಶವಾಹಿಗಳ ವೈವಿಧ್ಯ ಎಷ್ಟಿದೆಯೋ ಅಷ್ಟರಮಟ್ಟಿಗೆ ರೋಗ, ಬರ, ಹವಾಮಾನದ ಏರುಪೇರುಗಳನ್ನು ಎದುರಿಸುವ ಶಕ್ತಿ ಅದಕ್ಕಿರುತ್ತದೆ. ಎಲ್ಲರೂ ಒಂದೇ ಅಚ್ಚಿನವರಾದರೆ ಒಂದೇ ರೋಗ ಎಲ್ಲರನ್ನೂ ಹೊಡೆದುರುಳಿಸಬಲ್ಲದು.

ಜಗತ್ತಿನ ಹುಲಿಗಳಲ್ಲಿ ಉಳಿದಿರುವ ವಂಶವಾಹಿ ವೈವಿಧ್ಯದ ಅರ್ಧಕ್ಕಿಂತ ಹೆಚ್ಚಿನ ಪಾಲು ಭಾರತದಲ್ಲಿದೆ ಎಂದು ಮಂಡಲ್, ಕಾರಂತ ಮತ್ತು ರಾಮಕೃಷ್ಣನ್ ಅವರ 2009ರ ಇನ್ನೊಂದು ಅಧ್ಯಯನ ಹೇಳಿತು. ಆದರೆ ಕಳೆದುಕೊಂಡದ್ದು ಕಡಿಮೆಯಲ್ಲ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಬೇಟೆಯಾಡಿದ ಹುಲಿಗಳ ಚರ್ಮ ಮತ್ತು ಮೂಳೆಗಳು ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳಿಂದ ಡಿಎನ್‌ಎ ತೆಗೆದು ಇಂದಿನ ಹುಲಿಗಳೊಂದಿಗೆ ಹೋಲಿಸಿದ ಬೆಂಗಳೂರು ಮತ್ತು ಕಾರ್ಡಿಫ್ ವಿಜ್ಞಾನಿಗಳು 2013ರಲ್ಲಿ ಆತಂಕಕಾರಿ ಸಂಗತಿಯನ್ನು ಪ್ರಕಟಿಸಿದರು. ಹಳೆಯ ಹುಲಿಗಳಲ್ಲಿದ್ದ ಮೈಟೊಕಾಂಡ್ರಿಯಾ ಡಿಎನ್‌ಎ ಭೇದಗಳಲ್ಲಿ ಶೇ 93ರಷ್ಟು ಇಂದಿನ ಹುಲಿಗಳಲ್ಲಿ ಕಾಣಸಿಗಲಿಲ್ಲ. ಹುಲಿಗಳ ಸಂಖ್ಯೆ ಮತ್ತೆ ಏರಬಹುದು, ಆದರೆ ಹೀಗೆ ಅಳಿದುಹೋದ ಭೇದಗಳು ಸಂಖ್ಯೆಯೊಂದಿಗೆ ಮರಳಿ ಬರುವುದಿಲ್ಲ.

ಸಿಮಿಲಿಪಾಲದ ಕಪ್ಪು ಹುಲಿ

ಹೊರಗಿನ ಸಂಪರ್ಕ ಕಡಿದುಹೋದ ಕಾಡಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಒಡಿಶಾದ ಸಿಮಿಲಿಪಾಲ ಅಭಯಾರಣ್ಯ ಕಣ್ಣಿಗೆ ಕಾಣುವ ಸಾಕ್ಷಿ. ಅಲ್ಲಿನ ಕೆಲವು ಹುಲಿಗಳ ಪಟ್ಟೆಗಳು ಅಗಲವಾಗಿ ಒಂದರೊಳಗೊಂದು ಬೆರೆತು, ಮೈ ಬಹುಮಟ್ಟಿಗೆ ಕಪ್ಪಾಗಿ ಕಾಣುತ್ತದೆ. ಪ್ರವಾಸಿಗರ ಪಾಲಿಗೆ ಇದು ವಿಸ್ಮಯ. ಎನ್‌ಸಿಬಿಎಸ್ ತಂಡ 2021ರಲ್ಲಿ ಇದರ ಕಾರಣವನ್ನು ಪತ್ತೆಹಚ್ಚಿತು. ಟಾಕ್‌ಪೆಪ್ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವುದೇ ಈ ಬಣ್ಣಕ್ಕೆ ಮೂಲ. ತಾಯಿ ಮತ್ತು ತಂದೆ ಇಬ್ಬರಿಂದಲೂ ಬದಲಾದ ಪ್ರತಿಯೇ ಬಂದಾಗ ಮಾತ್ರ ಮರಿ ಕಪ್ಪಾಗುತ್ತದೆ.

ಈ ಬದಲಾವಣೆ ದೇಶದ ಇತರ ಕಾಡುಗಳ ಹುಲಿಗಳಲ್ಲಿ ಕಂಡುಬರಲಿಲ್ಲ. ಸಿಮಿಲಿಪಾಲದಲ್ಲಿ ಮಾತ್ರ ಅದು ಸರ್ವೇಸಾಮಾನ್ಯವಾಗಿತ್ತು. ಕೆಲವೇ ಹುಲಿಗಳಿಂದ ಆರಂಭವಾದ ಸಮೂಹ ಹೊರಗಿನವರ ಬೆರಕೆಯಿಲ್ಲದೆ ತನ್ನೊಳಗೇ ಸಂತಾನ ಬೆಳೆಸಿದಾಗ, ಅಪರೂಪದ ಗುಣವೊಂದು ಕೇವಲ ಆಕಸ್ಮಿಕವಾಗಿ ಇಡೀ ಸಮೂಹಕ್ಕೆ ಹರಡಬಲ್ಲದು. ಕಪ್ಪು ಬಣ್ಣ ಹುಲಿಗೆ ತೊಂದರೆ ಕೊಡದಿರಬಹುದು. ಆದರೆ ಬಣ್ಣದಂತೆ ಕಣ್ಣಿಗೆ ಕಾಣದ ದೋಷಗಳೂ ಇದೇ ದಾರಿಯಲ್ಲಿ ಹರಡುತ್ತವೆ ಎಂಬುದೇ ಇಲ್ಲಿನ ಎಚ್ಚರಿಕೆ. ಒಡಿಶಾ ಸರ್ಕಾರ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಎರಡು ಹೆಣ್ಣು ಹುಲಿಗಳನ್ನು ಸಿಮಿಲಿಪಾಲಕ್ಕೆ ತರಿಸಿತು. ಅವುಗಳಲ್ಲಿ ಜೀನತ್ ಎಂಬ ಹುಲಿ ಕಾಡು ಬಿಟ್ಟು ಜಾರ್ಖಂಡ್ ಮಾರ್ಗವಾಗಿ ಪಶ್ಚಿಮ ಬಂಗಾಳಕ್ಕೆ ಹೋಯಿತು. ಡಿಸೆಂಬರ್ ಕೊನೆಯಲ್ಲಿ ಬಾಂಕುರಾ ಜಿಲ್ಲೆಯಲ್ಲಿ ಅರಿವಳಿಕೆ ನೀಡಿ ಹಿಡಿದು ಮರಳಿ ತರಬೇಕಾಯಿತು. ಹುಲಿಯನ್ನು ಲಾರಿಯಲ್ಲಿ ತಂದು ಬಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ.

ಬಂಧುಗಳ ನಡುವಿನ ಸಂತಾನ

ಸರಿಸ್ಕಾದಲ್ಲಿ ಹುಲಿಗಳನ್ನು ಮರಳಿ ನೆಲೆಗೊಳಿಸುವ ಯತ್ನ 2008ರಲ್ಲಿ ರಣಥಂಬೋರಿನಿಂದ ಹುಲಿಗಳನ್ನು ತರುವ ಮೂಲಕ ಆರಂಭವಾಯಿತು. ಮೊದಲು ತಂದ ಹುಲಿಗಳು ಪರಸ್ಪರ ರಕ್ತಸಂಬಂಧಿಗಳು ಎಂಬುದು ತಡವಾಗಿ ತಿಳಿದುಬಂತು. ಅಲ್ಲಿ ಮೊದಲ ಮರಿಗಳು ಕಾಣಿಸಿಕೊಂಡದ್ದು 2012ರಲ್ಲಿ. ಹುಲಿಗಳನ್ನು ಆಯ್ಕೆ ಮಾಡುವ ಮುನ್ನವೇ ಡಿಎನ್‌ಎ ಪರೀಕ್ಷೆ ನಡೆಸಬೇಕೆಂಬ ಪಾಠವನ್ನು ಈ ಪ್ರಸಂಗ ಕಲಿಸಿತು.

ರಣಥಂಬೋರಿನದೂ ಬಹುಮಟ್ಟಿಗೆ ಒಂಟಿಯಾದ ಕಾಡು. ದೇಶದ ಬೇರೆ ಬೇರೆ ಕಾಡುಗಳ ಹುಲಿಗಳ ಸಂಪೂರ್ಣ ಡಿಎನ್‌ಎಯನ್ನು ಓದಿ ಹೋಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಒಂದಕ್ಕೊಂದು ಬೆಸೆದುಕೊಂಡಿರುವ ಮಧ್ಯ ಮತ್ತು ದಕ್ಷಿಣ ಭಾರತದ ಕಾಡುಗಳಿಗಿಂತ ರಣಥಂಬೋರಿನ ಹುಲಿಗಳಲ್ಲಿ ಬಂಧುಗಳ ನಡುವಿನ ಸಂತಾನದ ಗುರುತುಗಳು ಹೆಚ್ಚಾಗಿವೆ ಎಂಬುದು ಅದರ ಸಾರ. ಅತಿ ಕೆಟ್ಟ ದೋಷಗಳು ಕೆಲಮಟ್ಟಿಗೆ ತಾವಾಗಿಯೇ ಸಮೂಹದಿಂದ ಅಳಿಸಿಹೋಗಿದ್ದರೂ, ಉಳಿದ ದೋಷಗಳು ತಾಯಿ ಮತ್ತು ತಂದೆ ಎರಡೂ ಕಡೆಯಿಂದ ಒಂದುಗೂಡುವ ಸಂಭವ ಅಲ್ಲಿ ಹೆಚ್ಚು. ಗಣತಿಯ ಕಣ್ಣಿನಲ್ಲಿ ಯಶಸ್ವಿ ಎನಿಸಿಕೊಂಡ ಕಾಡಿನ ಒಳಗಿನ ಸ್ಥಿತಿ ಇದು.

ಇಂಥ ಸ್ಥಿತಿ ವಿಕೋಪಕ್ಕೆ ಹೋದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದ ಫ್ಲಾರಿಡಾ ಕಂಡಿದೆ. ಅಲ್ಲಿನ ಪ್ಯಾಂತರ್ ಎಂಬ ದೊಡ್ಡ ಬೆಕ್ಕು 1990ರ ದಶಕದ ಆರಂಭದಲ್ಲಿ 20ರಿಂದ 30ರಷ್ಟು ಮಾತ್ರ ಉಳಿದಿತ್ತು. ಬಾಲದ ಸೊಟ್ಟ, ಹೃದಯದ ದೋಷ, ಗಂಡುಗಳಲ್ಲಿ ಸಂತಾನಶಕ್ತಿಯ ಕುಂದು ವ್ಯಾಪಕವಾಗಿದ್ದವು. 1995ರಲ್ಲಿ ಟೆಕ್ಸಾಸಿನಿಂದ ಅದೇ ಜಾತಿಯ ಎಂಟು ಹೆಣ್ಣು ಪ್ರಾಣಿಗಳನ್ನು ತಂದು ಬಿಡಲಾಯಿತು. ಮುಂದಿನ ಪೀಳಿಗೆಗಳಲ್ಲಿ ದೋಷಗಳು ತಗ್ಗಿ, ಸಂಖ್ಯೆ ನೂರನ್ನು ದಾಟಿತು.

ಹಾದಿ ಇದ್ದರೆ ಹುಲಿ

ಫ್ಲಾರಿಡಾದಲ್ಲಿ ಮನುಷ್ಯ ಮಾಡಿದ ಕೆಲಸವನ್ನು ಕಾಡಿನ ಹಾದಿಗಳು ಖರ್ಚಿಲ್ಲದೆ ಮಾಡುತ್ತವೆ. ಪ್ರಾಯಕ್ಕೆ ಬಂದ ಗಂಡು ಹುಲಿ ಹುಟ್ಟಿದ ಕಾಡನ್ನು ಬಿಟ್ಟು ಹೊಸ ನೆಲೆಯನ್ನು ಅರಸಿ ನೂರಾರು ಕಿಲೋಮೀಟರ್ ಹೋಗಬಲ್ಲದು. ಪ್ರತಿ ಪೀಳಿಗೆಯಲ್ಲಿ ಒಂದೆರಡು ಪ್ರಾಣಿಗಳು ಹೊರಗಿನಿಂದ ಬಂದು ಸಂತಾನ ಪಡೆದರೂ ಸಮೂಹದ ವೈವಿಧ್ಯ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ ಎಂಬುದು ತಳಿವಿಜ್ಞಾನದಲ್ಲಿ ಬಹುಕಾಲದಿಂದ ಒಪ್ಪಿಕೊಂಡು ಬಂದ ಅಂದಾಜು. ಆದರೆ ಆ ಒಂದು ಹುಲಿ ಜೀವಂತವಾಗಿ ತಲುಪಬೇಕು. ಹೆದ್ದಾರಿ, ರೈಲುಹಳಿ, ಗಣಿ, ವಿದ್ಯುತ್ ಹರಿಸಿದ ಬೇಲಿ ಇವುಗಳಲ್ಲಿ ಯಾವುದೂ ಅದನ್ನು ತಡೆಯಬಾರದು.

ಮಧ್ಯ ಭಾರತದ ಕಾನ್ಹಾ, ಪೆಂಚ್, ಸಾತ್ಪುರ ಮತ್ತು ಮೇಲ್‌ಘಾಟ್ ಕಾಡುಗಳ ಹಿಕ್ಕೆಗಳನ್ನು ಪರೀಕ್ಷಿಸಿದ 2013ರ ಅಧ್ಯಯನ ಈ ಮಾತಿಗೆ ಪುರಾವೆ ಒದಗಿಸಿತು. ಹಿಂದೆ ಈ ನಾಲ್ಕೂ ಕಾಡುಗಳ ನಡುವೆ ಹುಲಿಗಳ ಓಡಾಟವಿತ್ತು. ಈಗಲೂ ಕಾಡಿನ ಹಾದಿ ಉಳಿದಿರುವ ಕಾನ್ಹಾ–ಪೆಂಚ್ ಮತ್ತು ಸಾತ್ಪುರ–ಮೇಲ್‌ಘಾಟ್ ನಡುವೆ ವಂಶವಾಹಿಗಳ ಹರಿವು ಮುಂದುವರಿದಿದೆ. ಹಾದಿ ಕಡಿದುಹೋದ ಕಡೆ ಅದು ಕುಸಿದಿದೆ. ಕಾನ್ಹಾ–ಪೆಂಚ್ ಹಾದಿಯನ್ನು ಸೀಳಿ ಸಾಗುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವ ಯೋಜನೆ ದೀರ್ಘ ಕಾನೂನು ಹೋರಾಟಕ್ಕೆ ಕಾರಣವಾಯಿತು. ಕೊನೆಗೆ ಮಹಾರಾಷ್ಟ್ರದ ಭಾಗದಲ್ಲಿ ಪ್ರಾಣಿಗಳು ರಸ್ತೆಯಡಿ ದಾಟಿಹೋಗಲು ಒಂಬತ್ತು ಕೆಳಸೇತುವೆಗಳನ್ನು ನಿರ್ಮಿಸಲಾಯಿತು. ಹುಲಿಗಳೂ ಸೇರಿದಂತೆ 18 ಜಾತಿಯ ಪ್ರಾಣಿಗಳು ಇವುಗಳನ್ನು ಬಳಸುತ್ತಿರುವುದು ಭಾರತೀಯ ವನ್ಯಜೀವಿ ಸಂಸ್ಥೆಯ ಕ್ಯಾಮೆರಾಗಳಲ್ಲಿ ದಾಖಲಾಯಿತು.

ಕರ್ನಾಟಕಕ್ಕೆ ಈ ಅಧ್ಯಯನಗಳ ಸಂದೇಶ ಸ್ಪಷ್ಟ. ಬಂಡೀಪುರ, ನಾಗರಹೊಳೆ, ತಮಿಳುನಾಡಿನ ಮುದುಮಲೈ ಮತ್ತು ಕೇರಳದ ವಯನಾಡು ಕಾಡುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದಲೇ ಇಲ್ಲಿನ ಹುಲಿಗಳಿಗೆ ಸಿಮಿಲಿಪಾಲದ ಗತಿ ಬಂದಿಲ್ಲ. ಬಂಡೀಪುರದ ಮೂಲಕ ಸಾಗುವ ಹೆದ್ದಾರಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ 2009ರಲ್ಲಿ ವಿಧಿಸಿದ ನಿರ್ಬಂಧವನ್ನು ಕರ್ನಾಟಕ ಹೈಕೋರ್ಟ್ 2010ರಲ್ಲಿ ಎತ್ತಿಹಿಡಿಯಿತು. ಈ ನಿರ್ಬಂಧದ ಕುರಿತ ಚರ್ಚೆಯಲ್ಲಿ ರಸ್ತೆಯಲ್ಲಿ ಸಾಯುವ ಪ್ರಾಣಿಗಳ ಲೆಕ್ಕವೇ ಮುಖ್ಯವಾಗುತ್ತದೆ. ದಾಟದೆ ಹಿಂದಿರುಗುವ ಪ್ರಾಣಿಗಳ ಲೆಕ್ಕವೂ ಅಷ್ಟೇ ಮುಖ್ಯ ಎಂಬುದನ್ನು ತಳಿವಿಜ್ಞಾನ ನೆನಪಿಸುತ್ತದೆ.

ಮಿತಿಗಳೂ ಇವೆ

ಡಿಎನ್‌ಎ ಪರೀಕ್ಷೆ ಸರ್ವರೋಗ ಪರಿಹಾರಿಯಲ್ಲ. ಬಿಸಿಲು ಮತ್ತು ಮಳೆಗೆ ಸಿಕ್ಕ ಹಿಕ್ಕೆಯಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಈ ಕೆಲಸ ಕಷ್ಟಕರ. ಹಾಳಾದ ಮಾದರಿಯಲ್ಲಿ ತಾಯಿಯಿಂದ ಬಂದ ಅಥವಾ ತಂದೆಯಿಂದ ಬಂದ ಪ್ರತಿಯಲ್ಲಿ ಒಂದು ಓದಿಗೆ ಸಿಗದಿದ್ದರೆ, ಒಂದೇ ಹುಲಿ ಎರಡು ಹುಲಿಯಾಗಿ ಲೆಕ್ಕಕ್ಕೆ ಸೇರುವ ಅಪಾಯವಿದೆ. ಆದ್ದರಿಂದಲೇ ಒಂದೇ ಮಾದರಿಯನ್ನು ಹಲವು ಬಾರಿ ಪರೀಕ್ಷಿಸಲಾಗುತ್ತದೆ. ಹೀಗಾಗಿ ವೆಚ್ಚ ಮತ್ತು ಸಮಯ ಎರಡೂ ಹೆಚ್ಚು.

ಹೊರಗಿನ ಪ್ರಾಣಿಗಳನ್ನು ತಂದು ಬೆರೆಸುವ ಕ್ರಮದ ಬಗ್ಗೆಯೂ ವಿಜ್ಞಾನಿಗಳು ಎಚ್ಚರಿಕೆಯ ಮಾತಾಡುತ್ತಾರೆ. ತೀರಾ ಭಿನ್ನವಾದ ಪರಿಸರದ ಪ್ರಾಣಿಯನ್ನು ತಂದರೆ ಸ್ಥಳೀಯ ಪರಿಸರಕ್ಕೆ ಹೊಂದಿಕೊಂಡ ಗುಣಗಳು ಮಸುಕಾಗಬಹುದು. ದೊಡ್ಡ ಸಮೂಹದಿಂದ ಬಂದ ಪ್ರಾಣಿಯೂ ತನ್ನೊಳಗೆ ಹೊಸ ದೋಷಗಳನ್ನು ಹೊತ್ತು ತರಬಹುದು. ಯಾವ ಕಾಡಿನಿಂದ, ಯಾವ ಪ್ರಾಣಿಯನ್ನು ತರಬೇಕೆಂಬುದನ್ನು ಪರೀಕ್ಷೆಯ ನಂತರವೇ ನಿರ್ಧರಿಸಬೇಕಾಗುತ್ತದೆ.

ವಿಜ್ಞಾನ ಇಲ್ಲಿ ವೈದ್ಯರ ತಪಾಸಣೆಯಂತೆ ಕೆಲಸ ಮಾಡುತ್ತದೆ. ಯಾವ ಕಾಡಿನ ನಾಡಿ ಕ್ಷೀಣಿಸುತ್ತಿದೆ, ಯಾವ ಹಾದಿಯಲ್ಲಿ ರಕ್ತ ಹರಿಯುತ್ತಿಲ್ಲ ಎಂಬುದನ್ನು ಅದು ಮೊದಲೇ ಹೇಳಬಲ್ಲದು. ಗಣತಿಯ ಅಂಕಿ ಇಳಿಯುವವರೆಗೆ ಕಾದರೆ ಕಾಲ ಮಿಂಚಿರುತ್ತದೆ. ಆ ಹಾದಿಯನ್ನು ತೆರೆದಿಡುವ ಹೊಣೆ ಮಾತ್ರ ಪ್ರಯೋಗಾಲಯದ್ದಲ್ಲ; ಅದು ರಸ್ತೆಯ ನಕ್ಷೆಗೆ ಸಹಿ ಹಾಕುವ ಕಚೇರಿಗಳದು, ಅದನ್ನು ಪ್ರಶ್ನಿಸಬಲ್ಲ ನಾಗರಿಕರದು.